ಇನ್ನೊಂದ್ಸಲ, ಸರ್

ಮದುವೆ, ಮುಂಜಿ, ನಾಮಕರಣ, ಗೃಹಪ್ರವೇಶಗಳ ಫೋಟೋ ತೆಗೆಯುವವರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲವಾದರೂ ಬರುವ ಮಾತೊಂದಿದೆ: ‘ಇನ್ನೊಂದ್ಸಲ, ಸರ್.’ ಮುಂಬೈಯಲ್ಲಿ ಕೆಲಸ ಮಾಡುವ ನಾನು ಇದನ್ನು ನಾಲ್ಕು ಭಾಷೆಗಳಲ್ಲಿ ಹೇಳಬಲ್ಲೆ. ಹಾರ ಹಾಕುವಾಗ ಯಾರದೋ ಮೊಣಕೈ ಅಡ್ಡ ಬಂತು, ಇನ್ನೊಂದ್ಸಲ. ಉಂಗುರ ತೊಡಿಸುವಾಗ ಹುಡುಗ ಬೆನ್ನು ತಿರುಗಿಸಿಬಿಟ್ಟ, ಇನ್ನೊಂದ್ಸಲ. ದೀಪ ಹಚ್ಚುವಾಗ ಅತಿಥಿಗಳು ಕಣ್ಣು ಮುಚ್ಚಿದರು, ಇನ್ನೊಂದ್ಸಲ. ಜನ ಬೇಸರ ಮಾಡಿಕೊಳ್ಳುವುದಿಲ್ಲ. ಹಚ್ಚಿದ ದೀಪ ಆರಿಸಿ ಮತ್ತೆ ಹಚ್ಚುತ್ತಾರೆ, ನಗುತ್ತಲೇ. ಫೋಟೋಗ್ರಾಫರ್ ಹೇಳಿದ ಮೇಲೆ ಮುಗಿಯಿತು. ಆ ಹೊತ್ತಿಗೆ ಪುರೋಹಿತರಿಗಿಂತ ಅವನ ಮಾತಿಗೇ ತೂಕ ಜಾಸ್ತಿ.

ವರ್ಷಗಟ್ಟಲೆ ಈ ಮಾತನ್ನು ಯೋಚನೆಯಿಲ್ಲದೆ ಆಡಿದವನು ನಾನು. ಈಗ ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಯಾಕೆ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗಿದೆ.

ಮುಲುಂಡಿನ ಒಂದು ಹಾಲ್‌ನಲ್ಲಿ ನಮ್ಮವರದೇ ಮದುವೆ. ಹುಡುಗಿಯ ತಂದೆ ಹಾಸನದ ಕಡೆಯವರು, ಬ್ಯಾಂಕಿನ ಕೆಲಸಕ್ಕೆಂದು ಮುಂಬೈಗೆ ಬಂದು ಇಲ್ಲೇ ನಿವೃತ್ತರಾದವರು. ಮಾತು ಕಡಿಮೆ. ಬೆಳಗಿನಿಂದ ಒಂದು ಕಡೆ ನಿಂತದ್ದನ್ನು ನಾನು ಕಾಣಲಿಲ್ಲ. ಅಡುಗೆಯವರಿಗೆ ಹಾಲು ಸಾಕಾ, ಬೀಗರ ಕಾರಿಗೆ ಜಾಗ ಸಿಕ್ಕಿತಾ, ಊರಿಂದ ಬಂದವರಿಗೆ ಕಾಫಿ ಆಯಿತಾ, ಇದೇ ಅವರ ಓಡಾಟ. ಧಾರೆಯ ಹೊತ್ತು ಬಂತು. ತೆಂಗಿನಕಾಯಿ ಹಿಡಿದ ಮಗಳು ಅಳಿಯನ ಕೈಗಳ ಮೇಲೆ ಹಾಲು ಎರೆಯಲು ಗಿಂಡಿ ಎತ್ತಿದರು. ಆಗ ಕೈ ನಡುಗಿತು. ಗಿಂಡಿಯ ಮೂತಿ ಕಾಯಿಗೆ ತಾಗಿ ಟಕ ಟಕ ಸದ್ದಾಯಿತು. ಹಾಲು ಅತ್ತಿತ್ತ ಚೆಲ್ಲಿ ಅಳಿಯನ ಪಂಚೆಯ ಮೇಲೆ ಬಿತ್ತು. ಅವರು ತಲೆ ಎತ್ತಿ ಮಗಳ ಮುಖ ನೋಡಿದರು. ಆ ಮನುಷ್ಯ ಅಳಬಲ್ಲರು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಇಡೀ ಮಂಟಪ ಒಮ್ಮೆ ಮೌನವಾಯಿತು.

ನಾನು ಬಟನ್ ಒತ್ತಿದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರೆ ಫೋಕಸ್ ಅವರನ್ನು ಬಿಟ್ಟು ಹಿಂದಿನ ಬಾಳೆಕಂಬಕ್ಕೆ ಹೋಗಿತ್ತು. ಬಾಳೆ ಎಲೆಯ ಗೆರೆಗಳು ಸ್ಪಷ್ಟ, ತಂದೆ ಮಗಳು ಮಂಜು. ಧಾರೆಯ ಫೋಟೋ ಇಲ್ಲದ ಆಲ್ಬಮ್ಮನ್ನು ಯಾರು ಒಪ್ಪುತ್ತಾರೆ? ‘ಇನ್ನೊಂದ್ಸಲ, ಸರ್. ಸ್ವಲ್ಪ ಈ ಕಡೆ ತಿರುಗಿ’ ಎಂದೆ. ಅವರು ಶಲ್ಯದ ಅಂಚಿನಿಂದ ಕಣ್ಣೊರೆಸಿಕೊಂಡು, ‘ಹೀಗಾ?’ ಎಂದು ಕೇಳಿ, ಮತ್ತೆ ಎರೆದರು. ಕೈ ನಡುಗಲಿಲ್ಲ. ಹಾಲು ಸಣ್ಣ ಎಳೆಯಾಗಿ ನೇರ ಬಿತ್ತು. ಒಳ್ಳೆಯ ಫೋಟೋ ಬಂತು. ಆಲ್ಬಮ್ಮಿನಲ್ಲಿ ಎರಡು ಪುಟ ತುಂಬಿಸಿದೆ. ಅವರೂ ಮೆಚ್ಚಿಕೊಂಡು, ಬಾಕಿ ಹಣದ ಜೊತೆ ಒಂದು ಡಬ್ಬಿ ಮೈಸೂರುಪಾಕು ಕೊಟ್ಟು ಕಳಿಸಿದರು.

ಆರು ವರ್ಷದ ಮೇಲೆ ಆ ಹುಡುಗಿ ಫೋನ್ ಮಾಡಿದಳು. ‘ಅಣ್ಣಾ, ಅಪ್ಪ ಹೋದರು, ತಿಂಗಳಾಯ್ತು. ನಿಮ್ಮ ಹತ್ರ ಮೊದಲನೇದು ಇದೆಯಾ? ಅಪ್ಪನ ಕೈ ನಡುಗಿತ್ತಲ್ಲ, ಅದು?’

ಇರಲಿಲ್ಲ. ಮದುವೆ ಮುಗಿದ ಮರುದಿನವೇ, ಮಸುಕಾದ ಇತರ ನೂರಾರು ಫೋಟೋಗಳ ಜೊತೆ ಅದನ್ನೂ ಅಳಿಸಿದ್ದೆ. ‘ಇಲ್ಲಮ್ಮ’ ಎಂದೆ. ಅವಳು ಬೇರೇನೂ ಕೇಳಲಿಲ್ಲ.

*

ಹಾಗಾದರೆ ನಾನು ಆ ದಿನ ತೆಗೆದದ್ದು ಏನನ್ನು? ಇದು ಹುಡುಗಾಟಿಕೆಯ ಪ್ರಶ್ನೆಯಲ್ಲ. ನಡೆದದ್ದನ್ನು ಹಿಡಿದಿಡು ಎಂದು ದುಡ್ಡು ಕೊಟ್ಟು ಕರೆಸುತ್ತಾರೆ. ನಡೆದದ್ದು ಸರಿಯಾಗಿ ಕಾಣಿಸದಿದ್ದರೆ ಸರಿಯಾಗಿ ಕಾಣಿಸುವ ಹಾಗೆ ಇನ್ನೊಂದನ್ನು ನಡೆಸುತ್ತೇವೆ. ಆಮೇಲೆ ಮೊದಲನೆಯದನ್ನು ಅಳಿಸುತ್ತೇವೆ.

ನಾನು ಕಲಿತದ್ದು ಕನ್ನಡಿ ಇರುವ ಕ್ಯಾಮೆರಾದಲ್ಲಿ. ಎಸ್‌ಎಲ್‌ಆರ್ ಎಂದು ಕರೆಯುವ ಆ ಯಂತ್ರದೊಳಗೆ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಒಳಬರುವ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲಕ್ಕೆ ಮಡಚಿಕೊಂಡು ಬೆಳಕನ್ನು ಹಿಂದಿನ ಫಿಲ್ಮಿಗೋ ಸೆನ್ಸರಿಗೋ ಬಿಟ್ಟುಕೊಡುತ್ತದೆ. ಅಷ್ಟು ಹೊತ್ತು ಕಣ್ಣಿಗೆ ಕಾಣುವುದು ಬರೀ ಕತ್ತಲೆ. ಅಂದರೆ, ಯಾವ ಕ್ಷಣ ಫೋಟೋದಲ್ಲಿ ಇದೆಯೋ ಸರಿಯಾಗಿ ಅದೇ ಕ್ಷಣವನ್ನು ತೆಗೆದವನು ಕಂಡಿರುವುದಿಲ್ಲ. ಅದಕ್ಕಿಂತ ತುಸು ಮೊದಲಿನದನ್ನು ಕಂಡಿರುತ್ತಾನೆ, ತುಸು ಆಮೇಲಿನದನ್ನು ಕಂಡಿರುತ್ತಾನೆ. ನಡುವಿನದು ಯಂತ್ರಕ್ಕೆ. ಮೈಸೂರಿನ ಹಿರಿಯ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತಮ್ಮ ಆತ್ಮಕಥೆಗೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಆ ಹೆಸರು ಕಂಡಾಗಲೆಲ್ಲ ನನಗೆ ಕ್ಯಾಮೆರಾದೊಳಗಿನ ಆ ಕನ್ನಡಿ ನೆನಪಾಗುತ್ತದೆ. ಚಿತ್ರ ಮೂಡಬೇಕಾದರೆ ಅದು ಮೊದಲು ದಾರಿ ಬಿಡಬೇಕು.

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿ ಇಲ್ಲ, ಕೆಲವದರಲ್ಲಿ ಕತ್ತಲೆಯೂ ಇಲ್ಲ. ಸದ್ದಿಲ್ಲದೆ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತವೆ. ಆದರೆ ಕಣ್ಣಿಗೆ ಹಚ್ಚಿಕೊಂಡ ಪುಟ್ಟ ಪರದೆಯಲ್ಲಿ ಕಾಣುವುದೂ ಚಿತ್ರವೇ. ಒಂದು ಕೂದಲೆಳೆಯಷ್ಟು ತಡವಾಗಿ ಬರುವ ಚಿತ್ರ. ಕ್ಷಣವನ್ನು ‘ಸೆರೆ ಹಿಡಿದೆ’ ಎಂದು ನಾವು ಜಂಬದಿಂದ ಹೇಳಿಕೊಳ್ಳುತ್ತೇವಲ್ಲ, ಆ ಮಾತಿನಲ್ಲಿ ಅಷ್ಟು ಸುಳ್ಳು ಇದ್ದೇ ಇದೆ.

ಒಂದು ಲೆಕ್ಕ ಕೊಡುತ್ತೇನೆ. ಹಾಲ್‌ಗಳ ಎಲ್‌ಇಡಿ ದೀಪಗಳಲ್ಲಿ ಫೋಟೋದ ಮೇಲೆ ಪಟ್ಟೆ ಬೀಳದಿರಲಿ ಎಂದು ನಾವು ಸಾಮಾನ್ಯವಾಗಿ ಶಟರನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಇಟ್ಟುಕೊಳ್ಳುತ್ತೇವೆ. ನಮ್ಮಲ್ಲಿ ಕರೆಂಟಿನ ಆವರ್ತನ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ, ಅದಕ್ಕೆ. ಒಂದು ಮದುವೆಯಲ್ಲಿ 4000 ಫೋಟೋ ತೆಗೆದೆ ಎನ್ನಿ. ಕ್ಯಾಮೆರಾ ಕಣ್ಣು ತೆರೆದದ್ದು ಒಟ್ಟು 40 ಸೆಕೆಂಡು. ಅದರಲ್ಲಿ ಆರಿಸಿ 500 ಕೊಟ್ಟರೆ, 5 ಸೆಕೆಂಡು. ಬೆಳಗ್ಗೆ ಐದರ ಲೋಕಲ್ ಹಿಡಿದು ಹೋಗಿ ರಾತ್ರಿ ಹನ್ನೊಂದಕ್ಕೆ ಮನೆ ಸೇರುವ ನಾನು ಒಂದು ಮನೆತನಕ್ಕೆ ಕೊಡುವುದು ಐದು ಸೆಕೆಂಡನ್ನು. ಮುಂದೆ ಮೂವತ್ತು ವರ್ಷ ಆ ಮನೆಯವರು ಮದುವೆ ಎಂದು ನೆನೆಸಿಕೊಳ್ಳುವುದು ಹೆಚ್ಚುಕಮ್ಮಿ ಆ ಐದು ಸೆಕೆಂಡನ್ನೇ. ಯಾವ ಐದು ಎಂದು ಆರಿಸುವವನು ನಾನು. ಇಷ್ಟು ಅಧಿಕಾರವನ್ನು ಯಾರೂ ನನಗೆ ಬರೆದು ಕೊಟ್ಟಿಲ್ಲ. ಕೈಗೆ ಬಂದುಬಿಟ್ಟಿದೆ.

*

ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸಾನ್ 1952ರಲ್ಲಿ ಒಂದು ಪುಸ್ತಕ ತಂದರು. ಇಂಗ್ಲಿಷಿನಲ್ಲಿ ಅದರ ಹೆಸರು ‘ದ ಡಿಸೈಸಿವ್ ಮೊಮೆಂಟ್’, ನಿರ್ಣಾಯಕ ಕ್ಷಣ. ಕ್ಯಾಮೆರಾ ಹಿಡಿದವರೆಲ್ಲ ಈ ಎರಡು ಪದಗಳನ್ನು ಮಂತ್ರದ ಹಾಗೆ ಕಲಿಯುತ್ತೇವೆ. ಎಲ್ಲವೂ ಒಂದಕ್ಕೊಂದು ಕೂಡಿ ಬರುವ ಒಂದು ಗಳಿಗೆ ಇದೆ, ಅದನ್ನು ತಪ್ಪಿಸಿಕೊಂಡರೆ ಮುಗಿಯಿತು ಎಂದು. ಆದರೆ ಫ್ರೆಂಚಿನಲ್ಲಿ ಆ ಪುಸ್ತಕದ ಹೆಸರೇ ಬೇರೆ: ‘ಇಮಾಜ್ ಆ ಲಾ ಸೋವೆತ್’. ಲೈಸೆನ್ಸ್ ಇಲ್ಲದೆ ಬೀದಿಯಲ್ಲಿ ಸರಕು ಹರಡಿಕೊಂಡು, ಪೊಲೀಸರು ಬಂದರೆ ಗಂಟು ಕಟ್ಟಿ ಓಡಲು ತಯಾರಾಗಿ ಮಾರುವವರ ಬಗ್ಗೆ ಫ್ರೆಂಚರು ಆಡುವ ಮಾತು ಅದು. ದಾದರ್ ಸ್ಟೇಷನ್ನಿನ ಹೊರಗೆ ಮುನಿಸಿಪಾಲಿಟಿ ಗಾಡಿ ಕಂಡೊಡನೆ ಬಟ್ಟೆಯ ನಾಲ್ಕು ಮೂಲೆ ಹಿಡಿದು ಹೆಗಲಿಗೇರಿಸುವವರನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಂದು ಭಾಷೆಯಲ್ಲಿ ನಿರ್ಣಾಯಕ ಕ್ಷಣ, ಇನ್ನೊಂದರಲ್ಲಿ ಕದ್ದುಮುಚ್ಚಿ ಮಾಡುವ ವ್ಯಾಪಾರ. ನನ್ನ ಕಸುಬಿನ ಎರಡು ಮುಖಗಳು ಒಂದೇ ಪುಸ್ತಕದ ಎರಡು ಹೆಸರುಗಳಾಗಿ ಕೂತಿವೆ.

ನಮ್ಮಲ್ಲಿ ಕ್ಷಣದ ಬಗ್ಗೆ ಇನ್ನೊಂದು ಆಲೋಚನೆ ಇದೆ. ಲಗ್ನಪತ್ರಿಕೆಯಲ್ಲಿ ಅಚ್ಚಾಗುವ ಮುಹೂರ್ತ. ಹಳೆಯ ಲೆಕ್ಕದಲ್ಲಿ ಒಂದು ಮುಹೂರ್ತ ಎಂದರೆ ಎರಡು ಘಳಿಗೆ, ಈಗಿನ 48 ನಿಮಿಷ. ಅದಕ್ಕೆ ಅಗಲವಿದೆ. ಅದರೊಳಗೆ ಜನ ಬಂದು ಕೂರಬಹುದು, ಯಾರದೋ ಮಗು ಅಳಬಹುದು, ಗಟ್ಟಿಮೇಳದವನು ಒಂದು ಗುಟುಕು ನೀರು ಕುಡಿಯಬಹುದು. ಅದನ್ನು ಒಬ್ಬನು ಹೊಂಚು ಹಾಕಿ ಹಿಡಿಯುವುದಿಲ್ಲ. ಎಲ್ಲರೂ ಸೇರಿ ಅದರೊಳಗೆ ಹೋಗುತ್ತಾರೆ. ಅಮರಕೋಶದಲ್ಲಿ ‘ಕ್ಷಣ’ ಎಂಬ ಪದ ಉತ್ಸವಕ್ಕೆ ಪರ್ಯಾಯವಾಗಿಯೂ ಬರುತ್ತದೆ ಎಂದು ತಿಳಿದ ದಿನ ನನಗೆ ಖುಷಿಯಾಗಿತ್ತು. ಕ್ಷಣ ಎಂದರೆ ಹಬ್ಬ. ಹಬ್ಬವನ್ನು ಯಾರು ಸೆರೆ ಹಿಡಿಯುತ್ತಾರೆ? ಹಬ್ಬದಲ್ಲಿ ಇರಬಹುದು, ಇಲ್ಲವೇ ಹಬ್ಬ ಕೆಡಿಸಬಹುದು.

*

ಇಷ್ಟು ಹೇಳಿದ ಮೇಲೆ ನನ್ನ ವಿರುದ್ಧ ನಾನೇ ವಾದ ಮಾಡಬೇಕು. ‘ಇನ್ನೊಂದ್ಸಲ’ ಎನ್ನುವುದು ನಿಜಕ್ಕೂ ತಪ್ಪೇ?

ರೊಬೇರ್ ದುವಾನೊ ಎಂಬ ಇನ್ನೊಬ್ಬ ಫ್ರೆಂಚ್ ಛಾಯಾಗ್ರಾಹಕ 1950ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಗಾಗಿ ಪ್ಯಾರಿಸ್ಸಿನ ಬೀದಿಯಲ್ಲಿ ಮುತ್ತಿಡುವ ಜೋಡಿಯ ಫೋಟೋ ತೆಗೆದ. ಮುಂದೆ ಅದು ಪೋಸ್ಟರಾಗಿ ಜಗತ್ತಿನ ಎಷ್ಟೋ ಹಾಸ್ಟೆಲ್ ಕೋಣೆಗಳ ಗೋಡೆ ಏರಿತು. ನೋಡಿದವರೆಲ್ಲ ಅದು ಬೀದಿಯಲ್ಲಿ ಆಕಸ್ಮಿಕವಾಗಿ ಸಿಕ್ಕ ಕ್ಷಣ ಎಂದುಕೊಂಡಿದ್ದರು. ಅದು ತಾವೇ ಎಂದು ಒಂದು ಜೋಡಿ ಕೋರ್ಟಿಗೆ ಹೋದಾಗ, 1990ರ ದಶಕದ ಆರಂಭದಲ್ಲಿ, ನಿಜ ಹೊರಬಿತ್ತು. ಫೋಟೋದಲ್ಲಿದ್ದವರು ನಾಟಕ ಕಲಿಯುತ್ತಿದ್ದ ಹುಡುಗ ಹುಡುಗಿ. ನಿಜವಾಗಿಯೂ ಪ್ರೇಮಿಗಳೇ. ಅವರು ಮುತ್ತಿಡುವುದನ್ನು ಕಂಡ ದುವಾನೊ ಹತ್ತಿರ ಹೋಗಿ, ಇನ್ನೊಂದು ಸಲ ಮಾಡುತ್ತೀರಾ ಎಂದು ಕೇಳಿದ್ದ! ಎಷ್ಟೋ ಜನರಿಗೆ ಮೋಸಹೋದ ಹಾಗಾಯಿತು. ಆದರೆ ಆ ಹುಡುಗಿ ತನ್ನ ಬಳಿಯಿದ್ದ ಪ್ರತಿಯನ್ನು 2005ರಲ್ಲಿ ಹರಾಜಿಗಿಟ್ಟಾಗ ಅದು ಒಂದೂವರೆ ಲಕ್ಷ ಯೂರೋಗಿಂತ ಹೆಚ್ಚಿಗೆ ಹೋಯಿತು. ಪ್ರೀತಿ ನಿಜ, ಮುತ್ತು ನಿಜ, ‘ಆಕಸ್ಮಿಕ’ ಎಂಬುದಷ್ಟೇ ಸುಳ್ಳು. ಅಷ್ಟಕ್ಕೆ ಫೋಟೋ ಸುಳ್ಳಾಯಿತೇ?

ಮದುವೆಯ ಮಟ್ಟಿಗಂತೂ ಈ ಪ್ರಶ್ನೆ ಇನ್ನೂ ತೊಡಕಿನದು. ಮದುವೆಯೇ ಒಂದು ಆಟ. ಕಾಶಿಯಾತ್ರೆಗೆ ಹೊರಟ ಹುಡುಗ ಬಾಗಿಲಿನಿಂದಾಚೆ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಎರಡು ವರ್ಷ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದ ಹುಡುಗ ಹುಡುಗಿ ಅಂತರಪಟ ಸರಿದಾಗ ಮೊದಲ ಸಲ ನೋಡಿದ ಹಾಗೆ ನೋಡುತ್ತಾರೆ. ಲಕ್ಷಾಂತರ ಸಲ ನಡೆದದ್ದೇ ಮತ್ತೆ ನಡೆಯುತ್ತದೆ. ಶಾಸ್ತ್ರ ಎಂದರೇ ‘ಇನ್ನೊಂದು ಸಲ’. ಹಾಗಿರುವಾಗ ನಾನು ಕೇಳುವ ಇನ್ನೊಂದು ಸಲ ಮಾತ್ರ ಯಾಕೆ ಕೆಟ್ಟದ್ದು?

ಇದಕ್ಕೆ ಉತ್ತರ ಕೊಟ್ಟವರು ಒಬ್ಬ ಪುರೋಹಿತರು. ಠಾಣೆ, ಡೊಂಬಿವಲಿ ಕಡೆಯ ಮದುವೆಗಳಲ್ಲಿ ನಾವಿಬ್ಬರೂ ಆಗಾಗ ಎದುರಾಗುತ್ತೇವೆ. ಊಟದ ಹೊತ್ತಿಗೆ ಒಮ್ಮೆ ಕೇಳಿದೆ: ‘ಭಟ್ರೇ, ನಾನು ಇನ್ನೊಂದ್ಸಲ ಅಂದಾಗ ನಿಮಗೆ ಸಿಟ್ಟು ಬರಲ್ವಾ?’ ಅವರು ಸಾರನ್ನ ಕಲಸುತ್ತಲೇ ಹೇಳಿದರು: ‘ಸಿಟ್ಟೇನು ಬಂತು. ನಿಮ್ಮ ಕೆಲಸ ನೀವು ಮಾಡ್ತೀರಿ. ಆದ್ರೆ ಎರಡನೇ ಸಲಕ್ಕೆ ನಾನು ಮಂತ್ರ ಹೇಳಲ್ಲ, ಗಮನಿಸಿದೀರಾ?’ ಗಮನಿಸಿರಲಿಲ್ಲ. ಮನೆಗೆ ಬಂದು ಹಳೆಯ ಆಲ್ಬಮ್ಮುಗಳನ್ನು ತೆಗೆದು ನೋಡಿದೆ. ನನ್ನ ಅತ್ಯುತ್ತಮ ಮಾಂಗಲ್ಯಧಾರಣೆಯ ಫೋಟೋಗಳಲ್ಲಿ ಎಷ್ಟೋ ಕಡೆ ಅವರ ಬಾಯಿ ಮುಚ್ಚಿದೆ.

ವ್ಯತ್ಯಾಸ ಅಲ್ಲಿದೆ. ಶಾಸ್ತ್ರ ಮರುಕಳಿಸುವಾಗ ಅಲ್ಲಿದ್ದವರು ಒಬ್ಬರಿಗೊಬ್ಬರು ಮುಖ ಮಾಡಿರುತ್ತಾರೆ. ಆಟವಾದರೂ ಅದು ಅವರವರ ನಡುವಿನ ಆಟ. ನಾನು ಕೇಳಿದ ಮರುಕಳಿಕೆಯಲ್ಲಿ ಎಲ್ಲರೂ ನನ್ನ ಕಡೆಗೆ, ಅಂದರೆ ಅಲ್ಲಿಲ್ಲದ ಯಾರೋ ನೋಡುಗನ ಕಡೆಗೆ ತಿರುಗುತ್ತಾರೆ. ಮುಲುಂಡಿನ ತಂದೆ ಮೊದಲ ಸಲ ಮಗಳನ್ನು ನೋಡಿದ್ದರು. ಎರಡನೇ ಸಲ ‘ಹೀಗಾ?’ ಎಂದು ನನ್ನನ್ನು ನೋಡಿದರು. ಸ್ಟೇಜಿನ ಮೇಲೆ ಸಾಲಾಗಿ ನಿಂತು ತೆಗೆಸಿಕೊಳ್ಳುವ ಫೋಟೋಗಳಲ್ಲಿ ಈ ತೊಂದರೆ ಇಲ್ಲ. ಅದು ಫೋಟೋಕ್ಕೆಂದೇ ನಿಂತದ್ದು, ನೋಡುವವರಿಗೂ ಗೊತ್ತು. ಎರಡನೆಯದನ್ನು ಮೊದಲನೆಯದು ಎಂದು ದಾಟಿಸುವಾಗ ತಪ್ಪು ಶುರುವಾಗುತ್ತದೆ.

ಅಲ್ಲಿಲ್ಲದ ನೋಡುಗನೂ ಒಬ್ಬ ಮನುಷ್ಯನೇ ಎನ್ನುವುದನ್ನು ಮರೆಯುವಂತಿಲ್ಲ. ಇದನ್ನು ಓದುತ್ತಿರುವ ಹಲವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ರಜೆ ಸಿಗಲಿಲ್ಲ, ತತ್ಕಾಲ್ ಟಿಕೆಟ್ ಆಗಲಿಲ್ಲ, ಪರೀಕ್ಷೆ ಇತ್ತು. ಚಿಕ್ಕಪ್ಪನ ಮಗಳ ಮದುವೆಯನ್ನು ನೀವು ವಾಟ್ಸಾಪಿನಲ್ಲೇ ನೋಡಿರುತ್ತೀರಿ. ಪ್ರಯಾಣ ಮಾಡಲಾಗದ ಅಜ್ಜಿ ಊರಿನಲ್ಲಿ ಮೊಮ್ಮಗಳ ಧಾರೆಯನ್ನು ಫೋಟೋದಲ್ಲೇ ಕಾಣಬೇಕು. ಅವರಿಗಾಗಿ ಮುಖ ಸ್ಪಷ್ಟವಾಗಿ ಕಾಣಲಿ ಎನ್ನುವುದು ಸಣ್ಣ ಮಾತಲ್ಲ. ನಾನು ‘ಇನ್ನೊಂದ್ಸಲ’ ಎನ್ನುತ್ತಿದ್ದದ್ದು ಆ ಅಜ್ಜಿಯ ಹೆಸರಿನಲ್ಲೇ. ಆದರೆ ಆರು ವರ್ಷದ ಮೇಲೆ ಫೋನ್ ಮಾಡಿದ ಹುಡುಗಿಯೂ ಈಗ ಆ ದಿನದಿಂದ ದೂರ ಇರುವವಳೇ. ಅವಳಿಗೆ ಸ್ಪಷ್ಟವಾದದ್ದು ಬೇಡವಾಗಿತ್ತು. ನಡೆದದ್ದು ಬೇಕಾಗಿತ್ತು.

*

ಹಾಗಾದರೆ ಮಧ್ಯೆ ಬಾಯಿ ಹಾಕದೆ, ಯಾರಿಗೂ ಹೇಳದೆ, ನಡೆಯುವುದನ್ನು ನಡೆಯುವ ಹಾಗೆಯೇ ತೆಗೆದರೆ ಆಯಿತಲ್ಲ? ಈಗ ಎಲ್ಲರೂ ಕೇಳುವ ‘ಕ್ಯಾಂಡಿಡ್’ ಅದೇ ತಾನೇ? ನಾನೂ ಹಾಗೆಂದುಕೊಂಡೆ. ಉದ್ದ ಲೆನ್ಸ್ ಕೊಂಡೆ. ದೂರ ನಿಲ್ಲುವುದನ್ನು ಕಲಿತೆ. ಆಗ ಇನ್ನೊಂದು ತಪ್ಪು ಮಾಡಿದೆ.

ಪುಣೆಯಲ್ಲಿ ಒಂದು ಮದುವೆ. ಹುಡುಗಿಯ ಮನೆಯವರು ಹುಬ್ಬಳ್ಳಿ ಕಡೆಯವರು. ತಂದೆ ಇಲ್ಲ. ಕನ್ಯಾದಾನಕ್ಕೆ ಕಾಕಾ ಕಾಕು ಕೂತಿದ್ದರು. ಮಂಗಳಸೂತ್ರ ಕಟ್ಟುವ ಹೊತ್ತಿಗೆ ತಾಯಿ ಎಲ್ಲಿ ಎಂದು ಹುಡುಕಿದರೆ, ಪಕ್ಕದ ಕೋಣೆಯ ಬಾಗಿಲಲ್ಲಿ ಅರ್ಧ ಮರೆಯಾಗಿ ನಿಂತಿದ್ದರು. ವಿಧವೆ ಮುಂದೆ ಬರಬಾರದೆಂದು ಯಾರು ಹೇಳಿದ್ದರೋ, ಇಲ್ಲ ಹೇಳುವ ಮೊದಲೇ ತಾವೇ ಸರಿದಿದ್ದರೋ. ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದರಿಂದ ಬಾಗಿಲ ಚೌಕಟ್ಟು ಹಿಡಿದಿದ್ದರು. ಮಗಳನ್ನು ನೋಡುತ್ತಿದ್ದ ಮುಖದಲ್ಲಿ ಸಂತೋಷವೂ ಅಳುವೂ ಬೇರೆ ಬೇರೆಯಾಗಿ ಇರಲಿಲ್ಲ. ಹಾಲ್‌ನ ಇನ್ನೊಂದು ತುದಿಯಿಂದ ತೆಗೆದೆ. ಅವರಿಗೆ ಗೊತ್ತಾಗಲಿಲ್ಲ. ಫೋಕಸ್ ಸರಿಯಾಗಿತ್ತು, ಬೆಳಕು ಸರಿಯಾಗಿತ್ತು. ನಾನು ತೆಗೆದ ಒಳ್ಳೆಯ ಫೋಟೋಗಳಲ್ಲಿ ಅದೂ ಒಂದು ಎಂದು ಈಗಲೂ ಅನ್ನಿಸುತ್ತದೆ.

ಮರುದಿನ ಬೆಳಗ್ಗೆಯೇ ಇನ್‌ಸ್ಟಾಗ್ರಾಮಿಗೆ ಹಾಕಿದೆ. ಈ ಕೆಟ್ಟ ಪದ್ಧತಿಯ ಬಗ್ಗೆಯೂ ಎರಡು ಸಾಲು ಬರೆದೆ, ನಾನೇನೋ ದೊಡ್ಡ ಸುಧಾರಕ ಎಂಬಂತೆ. ಸಂಜೆಯೊಳಗೆ ಊರೆಲ್ಲ ನೋಡಿತು. ರಾತ್ರಿ ಹುಡುಗಿಯ ಫೋನ್ ಬಂತು. ಅವಳು ಕೂಗಾಡಲಿಲ್ಲ. ‘ಅಮ್ಮ ಮಾತಾಡ್ತಾಳಂತ’ ಎಂದು ಫೋನು ಕೊಟ್ಟಳು. ಆ ತಾಯಿ ಹೇಳಿದ್ದು ಇಷ್ಟು: ‘ನಾ ಅಲ್ಲೆ ನಿಂತದ್ದು ಖರೇನ ಅದ. ನೀ ತಗದದ್ದು ತಪ್ಪು ಅನ್ನಂಗಿಲ್ಲಪಾ. ಆದ್ರ ನಾ ಅತ್ತದ್ದನ್ನ ನನಕಿಂತ ಮೊದಲ ಊರ ಮಂದಿ ನೋಡಿದ್ರು.’

ಮುಲುಂಡಿನಲ್ಲಿ ನಾನು ನಿಜವನ್ನು ಕೆಡಿಸಿದ್ದೆ. ಪುಣೆಯಲ್ಲಿ ನಿಜವನ್ನು ಕದ್ದಿದ್ದೆ. ಒಂದು ಕಡೆ ಮಧ್ಯೆ ಬಂದದ್ದು ತಪ್ಪಾಯಿತು, ಇನ್ನೊಂದು ಕಡೆ ಮಧ್ಯೆ ಬಾರದೇ ಇದ್ದದ್ದು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ನನಗೆ ಹೊಳೆದದ್ದು ಇದು. ಹತ್ತಿರ ಹೋಗಬೇಕೇ ದೂರ ನಿಲ್ಲಬೇಕೇ, ಪೋಸೇ ಕ್ಯಾಂಡಿಡ್ಡೇ ಎಂಬ ಪ್ರಶ್ನೆಗಳು ಕಸುಬಿನವು. ಅವುಗಳ ಕೆಳಗಿರುವ ಪ್ರಶ್ನೆ ಬೇರೆ: ಆ ಕ್ಷಣ ಯಾರದು? ಎರಡೂ ಕಡೆ ನಾನು ಅದು ನನ್ನದು ಎಂದುಕೊಂಡಿದ್ದೆ. ನನ್ನ ಆಲ್ಬಮ್ಮಿಗೆ ಬೇಕಾದ್ದರಿಂದ ತಿದ್ದಿದೆ. ನನ್ನ ಹೆಸರಿಗೆ ಬೇಕಾದ್ದರಿಂದ ಹಂಚಿದೆ.

*

ಇದೇ ಮುಂಬೈಯಲ್ಲಿ ಓದಿ, ದೆಹಲಿಯಲ್ಲಿ ಕೆಲಸ ಮಾಡಿದ ಹೋಮಾಯ್ ವ್ಯಾರಾವಾಲಾ ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸ್ವಾತಂತ್ರ್ಯದ ಕಾಲದ ನಾವು ನೋಡಿದ ಎಷ್ಟೋ ಚಿತ್ರಗಳು ಅವರವು. 1948ರ ಜನವರಿ 30ರಂದು ಗಾಂಧೀಜಿಯ ಪ್ರಾರ್ಥನಾ ಸಭೆಗೆ ಹೊರಟಿದ್ದವರು, ನಾಳೆ ಇಬ್ಬರೂ ಹೋಗೋಣ ಎಂಬ ಗಂಡನ ಮಾತಿಗೆ ಹಿಂದಿರುಗಿದರು. ತಪ್ಪಿದ ಆ ಫೋಟೋದ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಹಾಗೆ ಕೊರಗಿದವರೇ 1970ರ ಹೊತ್ತಿಗೆ, ಇನ್ನೂ ಅರವತ್ತೂ ಆಗದಿದ್ದಾಗ, ಕ್ಯಾಮೆರಾ ಕೆಳಗಿಟ್ಟರು. ಮುಂದೆ ನಾಲ್ಕು ದಶಕ ಬದುಕಿದರೂ ವೃತ್ತಿಗೆ ಮರಳಲಿಲ್ಲ. ಹೊಸ ಫೋಟೋಗ್ರಾಫರುಗಳ ನಡವಳಿಕೆ ಹಿಡಿಸಲಿಲ್ಲ ಎಂಬುದು ಅವರು ಕೊಡುತ್ತಿದ್ದ ಕಾರಣಗಳಲ್ಲಿ ಒಂದು. ತಮ್ಮ ಕಾಲದಲ್ಲಿ ಉಡುಪಿಗೆ, ನಿಲ್ಲುವ ರೀತಿಗೆ, ಎಷ್ಟು ಹತ್ತಿರ ಹೋಗಬೇಕೆಂಬುದಕ್ಕೆ ಒಂದು ಮರ್ಯಾದೆ ಇತ್ತು ಎನ್ನುತ್ತಿದ್ದರು.

ಮೊದಲು ಓದಿದಾಗ ಇದು ಹಳೆಯ ಕಾಲದವರ ಗೊಣಗಾಟ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಗಾಂಧಿಯ ಕೊನೆಯ ಗಳಿಗೆ ತಪ್ಪಿಸಿಕೊಂಡೆನಲ್ಲ ಎಂದು ಕೊರಗುವಷ್ಟು ಕಸುಬಿನ ಹಸಿವಿದ್ದ ಒಬ್ಬರು, ಆ ಹಸಿವಿಗಿಂತ ಮರ್ಯಾದೆಯನ್ನು ಮೇಲಿಟ್ಟರು. ಹಸಿವಿಲ್ಲದವರು ಮರ್ಯಾದೆಯ ಮಾತಾಡುವುದು ಸುಲಭ. ಎರಡನ್ನೂ ಇಟ್ಟುಕೊಂಡಿರುವುದು ಕಷ್ಟ.

ನಾನು ಕ್ಯಾಮೆರಾ ಕೆಳಗಿಟ್ಟಿಲ್ಲ. ಮನೆ ಬಾಡಿಗೆ ಇದೆ, ಲೆನ್ಸಿನ ಕಂತು ಇದೆ. ಕೆಲವನ್ನು ಬದಲಿಸಿಕೊಂಡಿದ್ದೇನೆ ಅಷ್ಟೆ. ಮಾತುಕತೆಗೆ ಬಂದ ಮನೆಯವರಿಗೆ ಮೊದಲೇ ಹೇಳುತ್ತೇನೆ: ಸ್ಟೇಜಿನ ಮೇಲೆ ಎಷ್ಟು ಸಲ ಬೇಕಾದರೂ ನಿಲ್ಲಿಸುತ್ತೇನೆ, ಧಾರೆ, ಅಂತರಪಟ, ಮಾಂಗಲ್ಯ ಇವನ್ನು ಮಾತ್ರ ಇನ್ನೊಂದು ಸಲ ಮಾಡಿಸುವುದಿಲ್ಲ, ತಪ್ಪಿದರೆ ತಪ್ಪಿತು. ಆ ಹೊತ್ತಿನ ಫೋಟೋಗಳು ಎಷ್ಟೇ ಮಸುಕಾಗಿದ್ದರೂ ಅಳಿಸದೆ ಬೇರೆ ಫೋಲ್ಡರಿನಲ್ಲಿ ಕೊಡುತ್ತೇನೆ. ಯಾರಾದರೂ ಅತ್ತಿದ್ದರೆ, ಒಬ್ಬರೇ ಕೂತಿದ್ದರೆ, ಆ ಫೋಟೋ ಮೊದಲು ಅವರಿಗೇ ಹೋಗುತ್ತದೆ. ಅವರು ಹೂಂ ಎಂದ ಮೇಲೆ ಆಲ್ಬಮ್ಮಿಗೆ. ಪುಣೆಯ ಆ ಫೋಟೋವನ್ನು ಅಂದೇ ರಾತ್ರಿ ತೆಗೆದುಹಾಕಿ, ಒಂದು ಪ್ರತಿಯನ್ನು ಚೌಕಟ್ಟು ಹಾಕಿಸಿ ಆ ತಾಯಿಗೆ ಕಳಿಸಿದೆ. ಗೋಡೆಗೆ ಹಾಕಿದ್ದಾರೋ ಕಪಾಟಿನಲ್ಲಿ ಇಟ್ಟಿದ್ದಾರೋ ನಾನು ಕೇಳಲಿಲ್ಲ.

ಇದರಿಂದ ನಷ್ಟವೂ ಆಗಿದೆ. ಮೊದಲೇ ಹೇಳಿದ್ದಕ್ಕೆ ಕೆಲವರು ಬೇರೆಯವರನ್ನು ಗೊತ್ತು ಮಾಡಿಕೊಂಡರು. ಕಳೆದ ವರ್ಷ ಡೊಂಬಿವಲಿಯ ಮದುವೆಯೊಂದರಲ್ಲಿ ಅಂತರಪಟ ಸರಿದು ಜೀರಿಗೆ ಬೆಲ್ಲ ಹಾಕುವ ಹೊತ್ತಿಗೆ ಯಾರೋ ಮಾವ ಮೊಬೈಲ್ ಎತ್ತಿ ನನ್ನ ಮುಂದೆ ನಿಂತುಬಿಟ್ಟರು. ನನಗೆ ಸಿಕ್ಕಿದ್ದು ಅವರ ಕೈ, ಮೊಬೈಲಿನ ಪರದೆಯಲ್ಲಿ ಚಿಕ್ಕದಾಗಿ ಮದುಮಕ್ಕಳು. ‘ಇನ್ನೊಂದ್ಸಲ’ ಎಂದರೆ ಎರಡು ನಿಮಿಷದ ಕೆಲಸ. ಹೇಳಲಿಲ್ಲ. ಆಮೇಲೆ ಹುಡುಗನ ತಂದೆ ‘ಇಷ್ಟು ದುಡ್ಡು ಕೊಟ್ಟು ಮುಖ್ಯವಾದ್ದೇ ಇಲ್ವಲ್ರೀ’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೊನೆಯ ಕಂತಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟೆ. ನನ್ನ ತತ್ವಕ್ಕೆ ಅವರ ಮದುವೆಯನ್ನು ಬೆಲೆ ತೆತ್ತೆನೇ ಎಂಬ ಅನುಮಾನ ಈಗಲೂ ಇದೆ. ಅದನ್ನು ಇಲ್ಲಿ ಮುಚ್ಚಿಟ್ಟರೆ ಈ ಬರಹವೂ ಎರಡನೇ ಸಲ ಎರೆದ ಧಾರೆಯಾದೀತು.

ಮುಲುಂಡಿನ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಫೋನ್ ಮಾಡಿ ಹದಿನೈದು ದಿನದ ಮೇಲೆ ಅವಳೇ ಮತ್ತೆ ಮೆಸೇಜ್ ಕಳಿಸಿದಳು. ಆಲ್ಬಮ್ಮಿನ ಆ ಎರಡು ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದು, ಕೆಳಗಿನ ಒಂದು ಮೂಲೆಗೆ ಕೆಂಪು ಸುತ್ತು ಹಾಕಿದ್ದಳು. ಗಿಂಡಿಯಿಂದ ಹೊರಟ ಹಾಲಿನ ಎಳೆ ಇನ್ನೂ ಕೈಗಳನ್ನು ಮುಟ್ಟಿಲ್ಲ. ಆದರೆ ಅವಳ ಗಂಡನ ಪಂಚೆ ಆಗಲೇ ಒದ್ದೆಯಾಗಿದೆ, ಅಂಗೈಯಗಲ ಹಾಲಿನ ಕಲೆ. ‘ಅಣ್ಣಾ, ಮೊದಲನೇದು ಇಲ್ಲೇ ಇದೆ ನೋಡಿ’ ಎಂದು ಬರೆದಿದ್ದಳು.

ಆ ಫೋಟೋವನ್ನು ನಾನು ಎಷ್ಟು ಸಲ ನೋಡಿದ್ದೆನೋ. ಬಣ್ಣ ತಿದ್ದಿದ್ದೆ, ಅಂಚು ಕತ್ತರಿಸಿದ್ದೆ. ಕಲೆ ಕಂಡಿರಲಿಲ್ಲ. ಕಂಡಿದ್ದರೆ ಅದನ್ನೂ ಅಳಿಸಿರುತ್ತಿದ್ದೆ.